ಜಲದುರ್ಗೆಗೆ ಕರೆ ಹೋಗಿಲ್ಲ

ನಾಳೆ ಆಗುವುದು ಇವತ್ತೇ ಗೊತ್ತಾಗಿಬಿಟ್ಟರೆ ಜನ ದಿಗಿಲುಬಿದ್ದು ಹುಚ್ಚರಾಗುತ್ತಾರೆ ಎಂದು ಪತ್ರಿಕೆಯವರು ಮೊದಮೊದಲು ಬರೆದಿದ್ದರು. ಪಡುಬೈಲು ಬಂದರಿನಲ್ಲಿ ಹಾಗೇನೂ ಆಗಲಿಲ್ಲ. ಜನ ಹೆದರುವ ಬದಲು ನಿಶ್ಚಿಂತರಾದರು, ಸ್ವಲ್ಪ ಸೋಮಾರಿಗಳೂ ಆದರು.

ಬಂದರಿನ ರೇಡಿಯೋ ಕೋಣೆಗೆ ನಾಳೆಹಲಗೆ ಬಂದು ಆಗ ಹತ್ತು ತಿಂಗಳಾಗಿತ್ತು. ಪೇಟೆಯಾಚೆ ಗುಡ್ಡದ ಮೇಲಿದ್ದ ಪ್ರಯೋಗಾಲಯದಲ್ಲಿ ಡಾಕ್ಟರ್ ಸುಹಾಸಿನಿ ಹತ್ವಾರ್ ಕಡುಚಳಿಯ ಕತ್ತಲೆಪೆಟ್ಟಿಗೆಯೊಳಗೆ ಎರಡು ವರ್ಷ ಬೆಳೆಸಿದ ಒಂದು ಹರಳು ಅದು. ಒಂದೇ ಹರಳನ್ನು ಸೀಳಿ ಎರಡು ಹಲಗೆ ಮಾಡಿದ್ದರು. ಸಂಜೆ ಐದು ಗಂಟೆಗೆ ಒಂದು ಹಲಗೆಯ ಮೇಲೆ ಉಕ್ಕಿನ ಕಡ್ಡಿಯಿಂದ ಬರೆದದ್ದು, ಅದರ ಜೋಡಿಯ ಮೇಲೆ ಹಿಂದಿನ ದಿನ ಬೆಳಿಗ್ಗೆ ಹತ್ತು ಗಂಟೆಗೇ ಮೂಡುತ್ತಿತ್ತು. ಮೂವತ್ತೊಂದು ಗಂಟೆ ಮೊದಲು, ಬರೆಯುವವರ ಅಕ್ಷರದಲ್ಲೇ. ಅಂಗೈ ಅಗಲದ ಜಾಗ, ಏಳೆಂಟು ಸಾಲು, ಅಷ್ಟೇ. ಹೇಗೆಂದು ಕೇಳಿದರೆ ಡಾಕ್ಟರ್ ಹತ್ವಾರ್ ಒಂದು ಗಂಟೆ ವಿವರಿಸಿ, ಕೊನೆಗೆ, "ಹರಳಿಗೆ ನಿನ್ನೆ ನಾಳೆ ಅಂತ ಬೇರೆ ಬೇರೆ ಇಲ್ಲ. ಅದಕ್ಕೆ ಎಲ್ಲ ಒಟ್ಟಿಗೇ ಉಂಟು," ಎನ್ನುತ್ತಿದ್ದರು. ಕೇಳಿದವರಿಗೆ ಆ ಕೊನೆಯ ಮಾತು ಮಾತ್ರ ಅರ್ಥವಾಗುತ್ತಿತ್ತು. "ದೇವರ ಹಾಗೆ," ಎಂದು ಅವರೇ ಸೇರಿಸಿಕೊಳ್ಳುತ್ತಿದ್ದರು.

ಹಲಗೆಯಲ್ಲಿ ಮೂಡಿದ್ದನ್ನು ಬೋಟು ಕಟ್ಟುವ ಧಕ್ಕೆಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹಾಕುತ್ತಿದ್ದರು. ನಾಳೆ ಹೊರಡುವ ಬೋಟು ಇಷ್ಟು, ಮರಳುವುದು ಇಷ್ಟು, ಬಂಗುಡೆ ಇಷ್ಟು, ಬೂತಾಯಿ ಇಷ್ಟು. ಐಸಿನ ಕಾರ್ಖಾನೆಯವರು ಅದನ್ನು ನೋಡಿಯೇ ನೀರು ತುಂಬಿಸುತ್ತಿದ್ದರು. ಮೀನು ಮಾರುವ ಹೆಂಗಸರು ಬೂತಾಯಿ ಇಲ್ಲವೆಂದು ಕಂಡರೆ ಮರುದಿನ ಮದುವೆಮನೆಗಳಿಗೆ ಹೋಗುತ್ತಿದ್ದರು. ಎಲ್ಲ ಬೋಟೂ ಮರಳಿವೆ ಎಂದು ಇದ್ದರೆ ಗಂಡಸರು ಲೈಫ್ ಜಾಕೆಟ್ಟನ್ನು ಮನೆಯ ಮೊಳೆಗೇ ನೇತುಹಾಕಿ ಹೋಗುತ್ತಿದ್ದರು. ಮೊದಲೆಲ್ಲ ಮಧ್ಯಾಹ್ನ ಮೂರರಿಂದ ಕಡಲಿಗೆ ಮುಖ ಮಾಡಿ ನಿಲ್ಲುತ್ತಿದ್ದ ಹೆಂಡಂದಿರು ಈಗ ಊಟ ಮಾಡಿ ಒಂದು ನಿದ್ದೆ ತೆಗೆಯುತ್ತಿದ್ದರು.

ಈ ಹಲಗೆಯಲ್ಲಿ ಬರೆಯುವವಳೂ ಓದುವವಳೂ ಹಿಲ್ಡಾ ಅಮ್ಮನ್ನ. ನಲವತ್ತಾರು ವರ್ಷ, ಮದುವೆಯಾಗಿರಲಿಲ್ಲ. ಇಪ್ಪತ್ತೊಂದು ವರ್ಷದಿಂದ ಅದೇ ಕೋಣೆಯಲ್ಲಿ ರೇಡಿಯೋ ನೋಡಿಕೊಂಡಿದ್ದಳು. ಚರ್ಚಿನ ನಿವೃತ್ತ ಸಭಾಪಾಲಕ ಎಬೆನೇಜರ್ ಅಮ್ಮನ್ನರ ಒಬ್ಬಳೇ ಮಗಳು. ಹಲಗೆಯ ಕೆಲಸ ಮೊದಲು ಅವಳಿಗೆ ಸಿಕ್ಕಿದ್ದಲ್ಲ, ಜೊತೆಯ ನೌಕರ ಸದಾನಂದ ಬಂಗೇರನಿಗೆ ಸಿಕ್ಕಿತ್ತು. ಅವನು ಓದಲು ಕೂತರೆ ಹಲಗೆ ಮಂಜು ಹಿಡಿದಂತೆ ಬೆಳ್ಳಗಾಗುತ್ತಿತ್ತು, ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಹಿಲ್ಡಾ ಕೂತ ಮೊದಲ ದಿನವೇ ಅಕ್ಷರ ಮುತ್ತಿನ ಹಾಗೆ ಮೂಡಿತು. ಸದಾನಂದನನ್ನು ಐಸಿನ ಕಾರ್ಖಾನೆಗೆ ಕಳಿಸಿದರು. ತನ್ನ ಕೈಬರಹ ದುಂಡಗಿರುವುದೇ ಇದಕ್ಕೆ ಕಾರಣವೆಂದು ಹಿಲ್ಡಾ ನಂಬಿದ್ದಳು. ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಸೆಪ್ಟೆಂಬರಿನ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ, ಅವಳು ಹಲಗೆಯ ಮುಚ್ಚಳ ತೆಗೆದು ತನ್ನದೇ ಅಕ್ಷರವನ್ನು ಓದಿದಳು.

ಹೊರಟದ್ದು ನಲವತ್ತೊಂದು. ಹನ್ನೊಂದೂ ಇಪ್ಪತ್ತಕ್ಕೆ ಗಾಳಿಯ ಎಚ್ಚರಿಕೆ. ನಲವತ್ತು ಬೋಟುಗಳಿಗೆ ಕರೆ ಹೋಗಿದೆ. ಜಲದುರ್ಗೆಗೆ ಕರೆ ಹೋಗಿಲ್ಲ. ಮರಳಿದ್ದು ನಲವತ್ತು. ಜಲದುರ್ಗೆ ಮರಳಿಲ್ಲ. ನಾಲ್ವರು.

ಅವಳು ಎರಡನೆಯ ಸಲ ಓದಲಿಲ್ಲ. ಮುಚ್ಚಳ ಹಾಕಿ ಅದರ ಮೇಲೆ ಎರಡೂ ಕೈ ಇಟ್ಟು ಕೂತಳು.

ಜಲದುರ್ಗೆಯ ತಾಂಡೇಲ ಪುರಂದರ ಮೆಂಡನ್. ಬೋಟೂ ಅವನದೇ, ನಡೆಸುವವನೂ ಅವನೇ. ಹಿಲ್ಡಾಳ ಮನೆಯಿಂದ ಮೂರನೆಯ ಮನೆ. ಶಾಲೆಯಲ್ಲಿ ಅವಳಿಗಿಂತ ಎರಡು ತರಗತಿ ಕೆಳಗಿದ್ದವನು. ಅವನ ಹೆಂಡತಿ ವಿನೋದಾ ವಾರಕ್ಕೆರಡು ಸಲವಾದರೂ ಮೀನಿನ ಸಾರು ತಂದುಕೊಡುತ್ತಿದ್ದಳು, ಏಕೆಂದರೆ ಹಿಲ್ಡಾಳ ಸಾರಿನಲ್ಲಿ ಹುಳಿ ಹೆಚ್ಚು ಎಂದು ಮುದುಕ ಸಭಾಪಾಲಕರೇ ದೂರು ಹೇಳಿದ್ದರು.

ಆಮೇಲೆ ಅವಳು ಫೋನ್ ಮಾಡಿದಳು. ಬಂದರು ಅಧಿಕಾರಿ ಮಹಾಬಲ ಶೇರುಗಾರ್ ಓಡಿ ಬಂದರು. ಡಾಕ್ಟರ್ ಹತ್ವಾರ್ ಮುಕ್ಕಾಲು ಗಂಟೆಯಲ್ಲಿ ಗುಡ್ಡದಿಂದ ಇಳಿದು ಬಂದರು. ಮೂವರೂ ಬಾಗಿಲು ಹಾಕಿ ಕೂತರು.

"ಅವನಿಗೆ ಹೋಗ್ಬೇಡ ಅಂತ ಹೇಳುವ," ಎಂದಳು ಹಿಲ್ಡಾ.

"ಹೇಳಿದ್ರೂ ಹೋಗ್ತಾನೆ," ಎಂದರು ಶೇರುಗಾರ್. "ಹೊರಟದ್ದು ನಲವತ್ತೊಂದು ಅಂತ ನೀವೇ ಬರ್ದಿದ್ದೀರಲ್ಲ. ಹೇಳಿದ್ದರಿಂದ ಎಂತ ಆಯ್ತು? ಸಾಯುವವನಿಗೆ ಒಂದು ದಿನ ಮೊದಲೇ ಹೆದರಿಸಿದ ಹಾಗೆ ಆಯ್ತು."

"ಮತ್ತೆ ನಾನು ಕರೆದ್ರೆ? ಎಚ್ಚರಿಕೆ ಬಂದ ಕೂಡ್ಲೇ ಮೊದಲು ಅವನನ್ನೇ ಕರೆದ್ರೆ?"

ಡಾಕ್ಟರ್ ಹತ್ವಾರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನಾವು ಪ್ರಯೋಗಾಲಯದಲ್ಲಿ ನಲವತ್ತು ಸಲ ನೋಡಿದ್ದೇವೆ ಹಿಲ್ಡಾ. ಹಲಗೆಯಲ್ಲಿ ಮೂಡಿದ್ದಕ್ಕೆ ವಿರುದ್ಧ ಮಾಡ್ಬೇಕು ಅಂತಲೇ ಹೊರಟು ನೋಡಿದ್ದೇವೆ. ಒಮ್ಮೆಯೂ ಆಗಲಿಲ್ಲ. ಒಮ್ಮೆ ಫೋನ್ ಬಂತು. ಒಮ್ಮೆ ಕಡ್ಡಿ ಮುರೀತು. ಒಮ್ಮೆ ನನಗೇ ಮರೆತುಹೋಯ್ತು. ಏನಾದರೊಂದು ಅಡ್ಡ ಬರ್ತದೆ. ನಾಳೆಯೂ ಬರ್ತದೆ. ನಿಮ್ಮ ರೇಡಿಯೋ ಹಾಳಾಗಬಹುದು. ಅವನ ಸೆಟ್ಟು ಹಾಳಾಗಬಹುದು."

"ಅಂದ್ರೆ ನನ್ನ ಕೈಯಲ್ಲಿ ಎಂತದೂ ಇಲ್ಲ."

"ಇಲ್ಲ," ಎಂದರು ಹತ್ವಾರ್. ಆ ಮಾತನ್ನು ಅವರು ಕರುಣೆಯಿಂದಲೇ ಹೇಳಿದ್ದರು.

ಕೇಳಿದಾಗ ಹಿಲ್ಡಾಳಿಗೆ ಎದೆಯ ಮೇಲಿನ ಒಂದು ಭಾರ ಇಳಿದಂತಾಯಿತು. ಹಾಗೆ ಇಳಿದದ್ದನ್ನು ಅವಳು ಆಮೇಲೆ ಬಹಳ ಸಲ ನೆನಪಿಸಿಕೊಂಡಳು.

ಬೋರ್ಡಿನ ಮೇಲೆ, ಇವತ್ತು ಹಲಗೆ ಓದಲು ಆಗಲಿಲ್ಲ, ಎಂದು ಬರೆಯಬೇಕೆಂದು ತೀರ್ಮಾನವಾಯಿತು. ಬರೆದವಳು ಹಿಲ್ಡಾ.

ಆ ಸಂಜೆ ವಿನೋದಾ ಬಂಗುಡೆ ಸಾರು ತಂದಳು. ಸಭಾಪಾಲಕರು ಕಿಟಕಿಯ ಹತ್ತಿರದ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಅವರ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದು ಮಬ್ಬು.

"ಬೋರ್ಡಲ್ಲಿ ಇವತ್ತು ಎಂತದೂ ಇಲ್ವಲ್ಲ ಹಿಲ್ಡಕ್ಕ," ಎಂದಳು ವಿನೋದಾ ಪಾತ್ರೆ ಇಡುತ್ತ. "ಇವರು ನಗ್ತಾ ಇದ್ರು. ಹಲಗೆಗೂ ಒಂದು ದಿನ ರಜೆ ಬೇಡ್ವಾ ಅಂತ."

"ಹೌದು. ಮಂಜು ಹಿಡಿದಿತ್ತು."

"ನಾಳೆ ಕರಿಪಾದೆಯ ಹತ್ರ ಹೋಗ್ತಾರಂತೆ. ಬೇರೆಯವರೆಲ್ಲ ಉತ್ತರಕ್ಕೆ, ಇವರೊಬ್ರೇ ತೆಂಕಕ್ಕೆ. ಅಲ್ಲಿ ಅಂಜಲ್ ಮೀನು ಉಂಟಂತೆ."

ಕರಿಪಾದೆ ಎಂದರೆ ಕಡಲ ನಡುವೆ ಎದ್ದು ನಿಂತ ಬಂಡೆಗಳ ಸಾಲು. ಗಾಳಿ ಎದ್ದಾಗ ಅಲ್ಲಿ ಬೋಟು ಇರಬಾರದು ಎಂದು ಪಡುಬೈಲಿನ ಪುಟ್ಟ ಮಕ್ಕಳಿಗೂ ಗೊತ್ತು. ಹಿಲ್ಡಾಳ ನಾಲಿಗೆಯ ತುದಿಗೆ ಮಾತು ಬಂತು. ಅವಳು ಪಾತ್ರೆ ತೊಳೆದು, ಖಾಲಿ ಕೊಡಬಾರದೆಂದು ನಾಲ್ಕು ಪೇರಳೆಹಣ್ಣು ಹಾಕಿ ವಿನೋದಾಳ ಕೈಗೆ ಕೊಟ್ಟಳು.

ಬುಧವಾರ ಬೆಳಿಗ್ಗೆ ಐದೂವರೆಗೆ ಬೋಟುಗಳು ಹೊರಟವು. ರೇಡಿಯೋ ಕೋಣೆಯ ಕೆಳಗಿನಿಂದ ಪುರಂದರ ಕೈ ಎತ್ತಿ ಕೂಗಿದ.

"ಹಿಲ್ಡಕ್ಕ, ಇವತ್ತು ಬೋರ್ಡು ಇಲ್ಲದೆ ಹೋಗುದು. ಹಳೇ ಕಾಲದ ಹಾಗೆ."

"ಜಾಗ್ರತೆ ಪುರಂದರ," ಎಂದಳು ಅವಳು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಅವನು ನಕ್ಕು ಎಂಜಿನು ಹಾಕಿದ. ಅವಳು ಪಟ್ಟಿಯಲ್ಲಿ ನಲವತ್ತೊಂದು ಗುರುತು ಹಾಕಿದಳು.

ಹನ್ನೊಂದೂ ಇಪ್ಪತ್ತಕ್ಕೆ ಎಚ್ಚರಿಕೆ ಬಂತು. ಪಡುಬೈಲಿನ ಬೋಟುಗಳ ಸೆಟ್ಟುಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆ ಇತ್ತು. ಒಬ್ಬರನ್ನು ಕರೆದದ್ದು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಸಂಖ್ಯೆಯ ಗುಂಡಿ ಒತ್ತಬೇಕು, ಹಸಿರು ದೀಪ ಹತ್ತಿದರೆ ಆಚೆಯ ಸೆಟ್ಟು ಸಿಕ್ಕಿದೆ ಎಂದು ಅರ್ಥ, ಆಮೇಲೆ ಮೈಕಿನ ಗುಂಡಿ ಒತ್ತಿ ಮಾತಾಡಬೇಕು. ಹಿಲ್ಡಾ ಒಂದನೆಯದರಿಂದ ಶುರುಮಾಡಿದಳು. "ಗಾಳಿ ಬರ್ತಾ ಉಂಟು, ಕೂಡ್ಲೇ ತಿರುಗಿ." ಒಂದೊಂದಕ್ಕೂ ಕಾಲು ನಿಮಿಷ. ಎರಡು, ಮೂರು, ಹತ್ತು, ಇಪ್ಪತ್ತು. ಅವಳ ದನಿ ನಡುಗಲಿಲ್ಲ. ಇಪ್ಪತ್ತಾರು ಮುಗಿಯಿತು.

ಇಪ್ಪತ್ತೇಳು ಜಲದುರ್ಗೆ.

ಅವಳು ಸಂಖ್ಯೆ ಒತ್ತಿದಳು. ದೀಪ ಹತ್ತಿತು. ಹೆಬ್ಬೆರಳು ಮೈಕಿನ ಗುಂಡಿಯ ಮೇಲಿತ್ತು.

ಈಗ ಏನಾದರೂ ಆಗುತ್ತದೆ ಎಂದು ಅವಳು ಕಾದಳು. ಕರೆಂಟು ಹೋಗುತ್ತದೆ. ಫೋನ್ ಬರುತ್ತದೆ. ಶೇರುಗಾರ್ ಬಾಗಿಲು ದೂಡಿ ಒಳಗೆ ಬರುತ್ತಾರೆ. ದೀಪ ಆರುತ್ತದೆ. ಕರೆ ಹೋಗಿಲ್ಲ ಎಂದು ತಾನೇ ಬರೆದಿರುವಾಗ ಹೋಗುವುದಾದರೂ ಹೇಗೆ? ಅಡ್ಡ ಬರುವುದು ಯಾವುದೆಂದು ನೋಡುವ ಎನ್ನುವಂತೆ ಅವಳು ಕೋಣೆಯ ಸುತ್ತ ಕಣ್ಣಾಡಿಸಿದಳು. ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರೋ ಬಲೆ ಎಳೆಯುತ್ತಿದ್ದ ಸದ್ದು. ಹಸಿರು ದೀಪ ಅಲುಗದೆ ಉರಿಯುತ್ತಿತ್ತು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಪೂರ್ತಿ ಸುತ್ತು ಬಂತು.

ಏನೂ ಅಡ್ಡ ಬರಲಿಲ್ಲ.

ಅವಳು ಹೆಬ್ಬೆರಳು ಎತ್ತಿ ಇಪ್ಪತ್ತೆಂಟನ್ನು ಒತ್ತಿದಳು.

ಸಂಜೆ ಐದಕ್ಕೆ ಹಲಗೆಯ ಮುಂದೆ ಕೂತಾಗ, ಏನು ಬರೆಯಬೇಕೆಂದು ಅವಳು ಯೋಚಿಸಬೇಕಾಗಲಿಲ್ಲ. ನಡೆದದ್ದನ್ನು ಬರೆದಳು. ಬರೆದದ್ದು ನಿನ್ನೆ ಓದಿದ್ದೇ ಆಗಿತ್ತು, ಒಂದು ಚುಕ್ಕೆಯೂ ಆಚೀಚೆ ಇರಲಿಲ್ಲ.

ಗುರುವಾರ ಇಬ್ಬರ ಹೆಣ ಸಿಕ್ಕಿತು, ಶುಕ್ರವಾರ ಇನ್ನಿಬ್ಬರದು. ಪುರಂದರನದು ಕೊನೆಗೆ. ಅವನ ಜೊತೆಗಿದ್ದವರು ಮೂವರು. ಅವನ ಚಿಕ್ಕಪ್ಪನ ಮಗ ಉಮಾನಾಥ, ಹನ್ನೆರಡು ವರ್ಷದಿಂದ ಅವನ ಬೋಟಿನಲ್ಲೇ ದುಡಿಯುತ್ತಿದ್ದ ಶೀನ, ಹೊನ್ನಾವರದ ಕಡೆಯಿಂದ ಬಂದು ಬಂದರಿನ ಹಿಂದೆ ಬಾಡಿಗೆಗೆ ಇದ್ದ ಗಣಪತಿ ಖಾರ್ವಿ. ನಾಲ್ಕೂ ಮನೆಗೆ ಹಿಲ್ಡಾ ಹೋದಳು. ಹೋಗದಿದ್ದರೆ ಜನ ಗಮನಿಸುತ್ತಾರೆ ಎಂದೇ ಹೋದಳು.

ಶೇರುಗಾರ್ ಹಲಗೆಯ ವಿಷಯವನ್ನು ಸಭೆ ಕರೆದು ತಿಳಿಸಿದರು. ಮೊದಲೇ ಗೊತ್ತಿತ್ತು, ಹೇಳಿ ಪ್ರಯೋಜನವಿಲ್ಲವೆಂದು ಹೇಳಲಿಲ್ಲ ಎಂದರು. ಗಲಾಟೆಯಾಗಬಹುದೆಂದು ಪೊಲೀಸರನ್ನು ಕರೆಸಿದ್ದರು, ಅದರ ಅಗತ್ಯ ಬೀಳಲಿಲ್ಲ. ಹತ್ತು ತಿಂಗಳಲ್ಲಿ ಜನ ಹಲಗೆಗೆ ಹೊಂದಿಕೊಂಡುಬಿಟ್ಟಿದ್ದರು. ಒಬ್ಬ ಮುದುಕ ಎದ್ದುನಿಂತು, "ಬರ್ದದ್ದು ಆಗಿ ಹೋಯ್ತು. ಯಾರನ್ನು ಬೈದು ಎಂತ ಉಂಟು," ಎಂದು ಕೂತ. ಆಮೇಲೆ ಯಾರೂ ಏನೂ ಕೇಳಲಿಲ್ಲ.

ಹನ್ನೊಂದನೆಯ ದಿನದ ಉತ್ತರಕ್ರಿಯೆ ಮುಗಿದ ಮೇಲೆ ವಿನೋದಾ ತಾನಾಗಿಯೇ ಹಿಲ್ಡಾಳ ಮನೆಗೆ ಬಂದಳು. ಕೈಯಲ್ಲಿ ಪಾತ್ರೆ ಇರಲಿಲ್ಲ. ಹಿಲ್ಡಾಳ ಕೈ ಹಿಡಿದು ಅವಳೇ ಸಮಾಧಾನ ಹೇಳಿದಳು. "ನೀವು ಎಷ್ಟು ಸಂಕಟಪಟ್ಟಿರಬೇಕು ಹಿಲ್ಡಕ್ಕ. ಗೊತ್ತಿದ್ದೂ ಹೇಳ್ಲಿಕ್ಕಿಲ್ಲ ಅಂದ್ರೆ. ಇವರ ಹಣೆಯಲ್ಲಿ ಇದ್ದದ್ದು ಅಷ್ಟೇ. ನೀವು ಊಟ ಬಿಟ್ಟಿದ್ದೀರಂತೆ, ಹಾಗೆ ಮಾಡ್ಬೇಡಿ."

ಹಿಲ್ಡಾ ಅವಳ ಕೈ ಬಿಡಿಸಿಕೊಂಡು ಒಳಗೆ ಹೋಗಿ ಬಚ್ಚಲಲ್ಲಿ ನಿಂತು ನಲ್ಲಿ ತಿರುಗಿಸಿದಳು, ಹೊರಗೆ ಕೇಳಬಾರದೆಂದು.

ವಿನೋದಾ ಹೋದ ಮೇಲೆ ಸಭಾಪಾಲಕರು ಕರೆದರು. "ಇಲ್ಲಿ ಬಾ. ಕೂತ್ಕೋ. ನಿನಗೆ ಎಂತ ಆಗಿದೆ?"

"ಎಂತದೂ ಇಲ್ಲ ಪಪ್ಪ."

"ನನಗೆ ಕಣ್ಣು ಕಾಣುದಿಲ್ಲ. ಕಿವಿ ಕೇಳ್ತದೆ."

ಅವಳು ಹೇಳಿದಳು. ಹಸಿರು ದೀಪದ ವಿಷಯ ಅವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಸೆಟ್ಟು ಹಾಳಾಗಿರಬೇಕು ಎಂದುಕೊಂಡಿದ್ದರು, ಅವಳು ಅಲ್ಲವೆನ್ನಲಿಲ್ಲ. ಮುದುಕರು ಮಗಳ ಕಡೆಗೆ ಕಿವಿ ತಿರುಗಿಸಿದರು.

"ಹಲಗೆಯಲ್ಲಿ ಎಂತ ಇತ್ತು? ಅದೇ ಮಾತು ಹೇಳು."

"ಜಲದುರ್ಗೆಗೆ ಕರೆ ಹೋಗಿಲ್ಲ."

"ಬರೆದದ್ದು ಯಾರು?"

"ನಾನು."

"ಯಾಕೆ ಹಾಗೆ ಬರೆದಿ?"

"ನಡೆದದ್ದು ಹಾಗೇ ಅಲ್ವಾ."

"ನೀನು ಅವನನ್ನು ಕರೆದಿದ್ದಿದ್ರೆ ಸಂಜೆ ಎಂತ ಬರೀತಿದ್ದಿ?"

"ಕರೆ ಹೋಗಿದೆ ಅಂತ."

"ಆಗ ಹಿಂದಿನ ದಿನ ಹಲಗೆಯಲ್ಲಿ ಎಂತ ಕಾಣ್ತಿತ್ತು?"

ಹಿಲ್ಡಾ ಎದ್ದು ಕಿಟಕಿಯ ಸರಳು ಹಿಡಿದಳು.

"ನಾನು ದಿನಾ ಸಂಜೆ ಈ ಕಿಟಕಿಯಲ್ಲಿ ಕೂತು ನೀನು ಗೇಟು ತೆಗೆದು ಬರುದನ್ನು ನೋಡ್ತೇನೆ," ಎಂದರು ಮುದುಕರು. "ಮಬ್ಬಾಗಿ ಕಾಣ್ತದೆ, ಆದ್ರೂ ಕಾಣ್ತದೆ. ನಾನು ನೋಡಿದೆ ಅಂತ ನೀನು ಬಂದದ್ದಾ? ನೀನು ಬಂದಿ ಅಂತ ನಾನು ನೋಡಿದ್ದು. ದೇವರು ನೋಡುದೂ ಹಾಗೇ ಇರ್ಬೇಕು. ಅವನು ಎತ್ತರದಲ್ಲಿದ್ದಾನೆ, ರಸ್ತೆಯ ತಿರುವಿನ ಆಚೆಯದ್ದೂ ಅವನಿಗೆ ಕಾಣ್ತದೆ. ಕಂಡದ್ದಕ್ಕೆ ನಡೆಯುವವನ ಕಾಲು ಅವನದ್ದಾಗುದಿಲ್ಲ."

"ಇದನ್ನು ನೀವು ಯಾವತ್ತೂ ಹೇಳಿದ್ದಿಲ್ಲ ಪಪ್ಪ."

"ಇಲ್ಲ. ಮೂವತ್ತೆಂಟು ವರ್ಷ ಪೀಠದಲ್ಲಿ ನಿಂತು, ದೇವರಿಗೆ ಎಲ್ಲ ಮೊದಲೇ ಗೊತ್ತು, ನೀವು ಹೆದರ್ಬೇಡಿ ಅಂತ ಹೇಳಿದೆ. ಜನಕ್ಕೆ ಸಮಾಧಾನ ಆಗ್ತಿತ್ತು. ಸಮಾಧಾನ ಆಗುವ ಅರ್ಧ ಮಾತ್ರ ಹೇಳಿ ಇನ್ನರ್ಧ ನನ್ನ ಹತ್ರವೇ ಇಟ್ಕೊಂಡೆ. ನೀನು ಮೊದಲ ಬೆಂಚಿನಲ್ಲಿ ಕೂತು ಕೇಳ್ತಿದ್ದಿ." ಅವರು ಕುರ್ಚಿಯ ಕೈ ತಡವಿದರು. "ಒಂದು ಕೇಳ್ತೇನೆ. ಕರೆ ಹೋಗಿಲ್ಲ ಅಂತ ಯಾಕೆ ಬರೆದಿ? ಕರೆ ತಾನಾಗಿ ಹೋಗ್ತದಾ? ನಾನು ಕರೆಯಲಿಲ್ಲ ಅಂತ ಯಾಕೆ ಬರೀಲಿಲ್ಲ?"

ವರದಿಯಲ್ಲಿ ಹಾಗೆ ಬರೆಯುವ ಕ್ರಮ ಇಲ್ಲ ಎಂದು ಹೇಳಹೊರಟವಳು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು.

ಅಪ್ಪನ ಮಾತು ಸುಳ್ಳಾಗಿರಲಿ ಎಂದು ಬಯಸಿಯೇ ಅವಳು ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಗುಡ್ಡ ಹತ್ತಿದಳು. ಎಲ್ಲೋ ಒಂದು ಕಡೆ ವಿಜ್ಞಾನದಲ್ಲಿ ತನಗೆ ನುಸುಳಲು ಒಂದು ಸಂದು ಇದ್ದೀತು. ಡಾಕ್ಟರ್ ಹತ್ವಾರ್ ಮೇಜಿನ ತುಂಬ ನೋಟ್‌ಪುಸ್ತಕ ಹರಡಿಕೊಂಡು ಕೂತಿದ್ದರು. ಅವರ ಕೂದಲು ಬಾಚಿದ ಹಾಗಿರಲಿಲ್ಲ. ಮೇಜಿನ ಒಂದು ಮೂಲೆಯಲ್ಲಿ ಉಪ್ಪುನೀರು ಕಲೆಗಟ್ಟಿದ ಒಂದು ರೇಡಿಯೋ ಸೆಟ್ಟು ಇತ್ತು. ಜಲದುರ್ಗೆಯದು, ಕರಿಪಾದೆಯಿಂದ ಮುಳುಗುಗಾರರು ತಂದದ್ದು.

"ನೀವೇ ಬಂದ್ರಿ. ನಾನೇ ಬರ್ಬೇಕಿತ್ತು, ಧೈರ್ಯ ಆಗಲಿಲ್ಲ," ಎಂದರು ಹತ್ವಾರ್. "ಈ ಸೆಟ್ಟಿನೊಳಗೆ ನೆನಪು ಉಳಿದಿದೆ. ಮಧ್ಯಾಹ್ನ ಹನ್ನೆರಡೂ ನಲವತ್ತೇಳರವರೆಗೆ ಅದು ಸರಿಯಾಗಿ ಕೆಲಸ ಮಾಡಿದೆ. ಹನ್ನೊಂದೂ ಇಪ್ಪತ್ತೇಳಕ್ಕೆ ಒಂದು ಕರೆಯ ಸಂಪರ್ಕ ಬಂದಿದೆ. ಮಾತು ಬಂದಿಲ್ಲ."

"ನನಗೆ ಗೊತ್ತುಂಟು ಡಾಕ್ಟರೇ."

ಹತ್ವಾರ್ ಅವಳ ಮುಖ ನೋಡಿದರು. ಒಂದು ನೋಟ್‌ಪುಸ್ತಕವನ್ನು ಅವಳ ಕಡೆ ತಿರುಗಿಸಿದರು.

"ನಲವತ್ತು ಪ್ರಯೋಗ ಅಂತ ಹೇಳಿದ್ದೆನಲ್ಲ. ಪುನಃ ಓದಿದೆ. ಫೋನ್ ಬಂತು ಅಂತ ಬರ್ದಿದ್ದೇವೆ. ಫೋನ್ ಬಂದ್ರೆ ಎಂತ, ಒಂದು ನಿಮಿಷ ಮಾತಾಡಿ ಪುನಃ ಮಾಡಬಹುದಿತ್ತು. ಕಡ್ಡಿ ಮುರೀತು ಅಂತ ಬರ್ದಿದ್ದೇವೆ. ಇನ್ನೊಂದು ಕಡ್ಡಿ ಡ್ರಾಯರಿನಲ್ಲೇ ಇತ್ತು. ಯಾವುದಾದ್ರೂ ನಮ್ಮನ್ನು ತಡೀಲಿ ಅಂತ ಕಾದು ಕೂತವರು ನಾವು ಹಿಲ್ಡಾ. ಮೊದಲು ಸಿಕ್ಕಿದ ಅಡ್ಡಿಗೆ ನಿಂತುಬಿಟ್ಟಿದ್ದೇವೆ."

"ಮತ್ತೆ ಹಲಗೆಗೆ ಎದುರು ನಿಂತವರು ಯಾರೂ ಇಲ್ವಾ?"

"ಇದ್ದಾರೆ. ಅದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ." ಹತ್ವಾರರ ದನಿ ತಗ್ಗಿತು. "ಹಲಗೆ ಮಂಜು ಹಿಡಿದ ದಿನಗಳು. ಯಂತ್ರದ ದೋಷ ಅಂತ ಬದಿಗಿಟ್ಟಿದ್ದೆ. ಬಂದರಿನಲ್ಲಿ ಅಂಥ ದಿನ ಹನ್ನೊಂದು, ಹನ್ನೊಂದರಲ್ಲೂ ಓದಲು ಕೂತವನು ಸದಾನಂದ. ನಿನ್ನೆ ಅವನನ್ನು ಕರೆಸಿ ಕೇಳಿದೆ. ಅವನು ಎಂತ ಹೇಳಿದ ಗೊತ್ತುಂಟಾ? ಅದರಲ್ಲಿ ಬಂಗುಡೆ ಅಂತ ಬಂದ್ರೆ ನಾನು ಬೂತಾಯಿ ಅಂತ ಬರೀತಿದ್ದೆ ಮೇಡಂ, ನನಗೆ ಬುದ್ಧಿ ಹೇಳ್ಲಿಕ್ಕೆ ಅದ್ಯಾರು, ಅಂತ."

ಹಿಲ್ಡಾಳಿಗೆ ಇನ್ನೂ ಅರ್ಥವಾಗಲಿಲ್ಲ.

"ಓದಿದವನು ಖಂಡಿತ ಬೇರೆಯದನ್ನೇ ಮಾಡುವವನಾದ್ರೆ, ಹಲಗೆ ಅವನಿಗೆ ಎಂತ ತೋರಿಸೀತು? ಯಾವುದನ್ನು ತೋರಿಸಿದ್ರೂ ಸುಳ್ಳಾಗ್ತದೆ. ಹಾಗಾಗಿ ಅದು ಏನನ್ನೂ ತೋರಿಸುದಿಲ್ಲ. ಓದಿಯೂ ಅದನ್ನು ಹಾಗೇ ನಡೆಯಲು ಬಿಡುವವರ ನಾಳೆ ಮಾತ್ರ ಅದರಲ್ಲಿ ಮೂಡ್ತದೆ." ಅವರು ನೋಟ್‌ಪುಸ್ತಕ ಮುಚ್ಚಿದರು. "ನೀವು ಕೂತರೆ ಅಕ್ಷರ ಸ್ಪಷ್ಟ ಬರ್ತಿತ್ತು. ಅದಕ್ಕೇ ನಾನು ನಿಮ್ಮನ್ನು ಆರಿಸಿದ್ದು."

ಹೊರಗೆ ಗಾಳಿಮರಗಳು ಸುಯ್‌ಗುಡುತ್ತಿದ್ದವು. ಹಿಲ್ಡಾ ತನ್ನ ಕೈಯನ್ನು ನೋಡಿಕೊಂಡಳು. ಹತ್ತು ತಿಂಗಳು ತನ್ನ ದುಂಡು ಅಕ್ಷರದ ಗುಣವೆಂದುಕೊಂಡದ್ದು ಯಾವ ಗುಣವೆಂದು ಈಗ ಗೊತ್ತಾಯಿತು. ಅವನನ್ನು ಹೇಗಾದರೂ ಕರೆಯುತ್ತೇನೆ ಎನ್ನುವವಳು ಆ ಮಂಗಳವಾರ ಅಲ್ಲಿ ಕೂತಿದ್ದರೆ ಹಲಗೆಯಲ್ಲಿ ಆ ಸಾಲು ಬರುತ್ತಲೇ ಇರಲಿಲ್ಲ. ಅದು ಪುರಂದರನ ಹಣೆಬರಹ ಆಗಿರಲಿಲ್ಲ. ಅದರಲ್ಲಿ ಬರೆದಿದ್ದದ್ದು ಅವಳ ಬಗ್ಗೆ.

"ನಾನು ವರದಿ ಬರೆದು ಕಳಿಸ್ತೇನೆ," ಎಂದರು ಹತ್ವಾರ್. "ನನ್ನ ತಪ್ಪು ಅಂತಲೇ ಬರೀತೇನೆ. ಆರಿಸಿದ್ದು ನಾನು. ಅಡ್ಡಿ ಬರ್ತದೆ ಅಂತ ಹೇಳಿದ್ದೂ ನಾನು."

"ನಿಮ್ಮದು ನೀವು ಬರೀರಿ," ಎಂದಳು ಹಿಲ್ಡಾ. "ಆ ಒಂದು ನಿಮಿಷ ನೀವು ಕೋಣೆಯಲ್ಲಿ ಇರ್ಲಿಲ್ಲ."

ಗುಡ್ಡ ಇಳಿಯುವಾಗ ಅವಳು ಎರಡು ಸಲ ನಿಂತಳು. ಯಾರಿಗೂ ಗೊತ್ತಿಲ್ಲ. ಹತ್ವಾರರ ವರದಿ ಎಲ್ಲೋ ಕಡತದಲ್ಲಿ ಸೇರುತ್ತದೆ. ವಿನೋದಾ ಹಣೆಬರಹ ಎಂದುಕೊಂಡು ಅಳುತ್ತಾಳೆ, ಅತ್ತು ಅತ್ತು ಒಂದು ದಿನ ಹಗುರಾಗುತ್ತಾಳೆ. ಈಗ ಹೋಗಿ ಹೇಳಿದರೆ ಅವಳಿಗೆ ಸಿಗುವುದೇನು? ಇರುವ ನೆಮ್ಮದಿಯೂ ಹೋಗುತ್ತದೆ. ಹೇಳದಿರುವುದೇ ದಯೆಯಲ್ಲವೇ ಎಂದು ಮನಸ್ಸು ಕೇಳಿತು. ಅದೇ ಮನಸ್ಸು ಆ ಮಂಗಳವಾರವೂ ಅದೇ ದನಿಯಲ್ಲಿ ಅದನ್ನೇ ಹೇಳಿತ್ತು.

ವಿನೋದಾ ಅಂಗಳದಲ್ಲಿ ಒಗೆದ ಬಟ್ಟೆ ಹರವುತ್ತಿದ್ದಳು. ಹಿಲ್ಡಾಳನ್ನು ಕಂಡು, "ಒಳಗೆ ಬನ್ನಿ," ಎಂದಳು.

"ಇಲ್ಲೇ ಸಾಕು ವಿನೋದಾ. ನಾನೊಂದು ಹೇಳ್ಬೇಕು. ಮೊದಲೇ ಹೇಳ್ಬೇಕಿತ್ತು." ಹಿಲ್ಡಾ ಗೇಟಿನ ಹತ್ತಿರವೇ ನಿಂತಳು. "ಅವನ ಸೆಟ್ಟು ಸರಿ ಇತ್ತು. ನನ್ನದೂ ಸರಿ ಇತ್ತು. ದೀಪ ಹತ್ತಿತ್ತು. ಬೆರಳು ಗುಂಡಿಯ ಮೇಲೇ ಇತ್ತು. ನಾನು ಕರೆಯಲಿಲ್ಲ."

ವಿನೋದಾಳ ಕೈಯಲ್ಲಿ ಒಂದು ಒದ್ದೆ ಲುಂಗಿ ಇತ್ತು. ಅದು ಪುರಂದರನದು.

"ಹಲಗೆಯಲ್ಲಿ ಹಾಗೆ ಇತ್ತಲ್ವಾ," ಎಂದಳು ಅವಳು, ನಿಧಾನವಾಗಿ.

"ನಾನು ಕರೆದಿದ್ದಿದ್ರೆ ಹಾಗೆ ಇರ್ತಿರ್ಲಿಲ್ಲ. ಹಲಗೆ ನನ್ನನ್ನು ತಡೀಲಿಲ್ಲ. ಯಾರೂ ತಡೀಲಿಲ್ಲ."

"ಎಷ್ಟು ಹೊತ್ತು?"

"ಎಂತದು?"

"ಬೆರಳು ಗುಂಡಿಯ ಮೇಲೆ. ಎಷ್ಟು ಹೊತ್ತು ಇತ್ತು?"

"ಒಂದು ನಿಮಿಷ."

"ಆಗ ಕರೆದಿದ್ರೆ ಇವರು ಕರಿಪಾದೆ ಬಿಟ್ಟು ಹೊರಗೆ ಬರ್ಲಿಕ್ಕೆ ಹೊತ್ತು ಇತ್ತಾ?"

"ಇತ್ತು," ಎಂದಳು ಹಿಲ್ಡಾ. "ಒಂದು ಗಂಟೆಗಿಂತ ಹೆಚ್ಚು ಇತ್ತು."

ವಿನೋದಾ ಲುಂಗಿಯನ್ನು ತಂತಿಯ ಮೇಲೆ ಹಾಕಿ ಅದರ ಸುಕ್ಕು ಬಿಡಿಸಿದಳು, ಅಂಚಿನಿಂದ ಅಂಚಿಗೆ, ಬಹಳ ಹೊತ್ತು. ಹೊಡೆಯುತ್ತಾಳೆ ಎಂದು ಹಿಲ್ಡಾ ಕಾದಳು. ಹೊಡೆದರೆ ಒಳ್ಳೆಯದಿತ್ತು.

"ನಾನು ಇಷ್ಟು ದಿನ ದೇವರನ್ನು ಬೈತಾ ಇದ್ದೆ," ಎಂದಳು ವಿನೋದಾ, ತಿರುಗಿ ನೋಡದೆ. "ಅವನಿಗೆ ಮೊದಲೇ ಗೊತ್ತಿತ್ತಲ್ಲ, ಯಾಕೆ ಬಿಟ್ಟ ಅಂತ. ಅವನನ್ನು ಬೈದ್ರೆ ಅವನು ಎದುರು ಬಂದು ನಿಲ್ಲುದಿಲ್ಲ. ನೀವು ಬಂದು ನಿಂತಿದ್ದೀರಿ."

"ಹೌದು."

"ನಾನು ನಿಮ್ಮ ಕೈ ಹಿಡಿದು ಸಮಾಧಾನ ಹೇಳಿದೆ. ಆಗಲೂ ನೀವು ಹೇಳ್ಲಿಲ್ಲ."

"ಹೇಳ್ಲಿಲ್ಲ."

"ನನ್ನ ಅಂಗಳಕ್ಕೆ ಇನ್ನು ಬರ್ಬೇಡಿ ಹಿಲ್ಡಕ್ಕ. ಮುಂದೆ ಎಂತ ಆಗ್ತದೋ ನನಗೆ ಗೊತ್ತಿಲ್ಲ. ಈಗ ಬರ್ಬೇಡಿ." ಅವಳ ದನಿ ಮೊದಲ ಸಲ ಒಡೆಯಿತು. "ಇನ್ನು ಮೂರು ಮನೆ ಉಂಟು. ಅವರಿಗೂ ಹೇಳಿ. ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗುದು ಬೇಡ."

ಹಿಲ್ಡಾ ಗೇಟು ಮುಚ್ಚಿ ರಸ್ತೆಗೆ ಬಂದಳು. ಹನ್ನೊಂದು ಗಂಟೆಯ ಬಿಸಿಲು. ಉಮಾನಾಥನ ಮನೆ ಭಜನಾಮಂದಿರದ ಪಕ್ಕದಲ್ಲಿ, ಐದು ನಿಮಿಷದ ದಾರಿ. ಮನೆಯಲ್ಲಿ ಅವನ ತಾಯಿ ಇದ್ದಳು, ಕಿವಿ ಮಂದ, ಜೋರಾಗಿ ಹೇಳಬೇಕು. ಶೀನನ ಮನೆಯಲ್ಲಿ ಅವನ ಅಣ್ಣ, ಕೋಪಿಷ್ಠ. ಗಣಪತಿ ಖಾರ್ವಿಯ ಹೆಂಡತಿ ನಾಳಿದ್ದು ಊರಿಗೆ ಹೋಗುವವಳಿದ್ದಳು.

ಉಮಾನಾಥನ ತಾಯಿ ಜಗಲಿಯಲ್ಲಿ ಒಣಮೀನು ಆರಿಸುತ್ತಿದ್ದವಳು ತಲೆಯೆತ್ತಿದಳು. ಯಾರೆಂದು ತಿಳಿದ ಮೇಲೆ ಮೀನಿದ್ದ ಗೆರಸಿ ಬದಿಗೆ ಸರಿಸಿ, ಕೂರಲು ಮಣೆ ಎಳೆದಳು. ತಾನು ಹೇಳಿದ ಮೇಲೆ ಈ ಮುದುಕಿ ಏನು ಮಾಡುತ್ತಾಳೆಂದು ಹಿಲ್ಡಾಳಿಗೆ ಗೊತ್ತಿರಲಿಲ್ಲ. ಅವಳು ಮಣೆಯ ಮೇಲೆ ಕೂರದೆ, ಮುದುಕಿಯ ಕಿವಿಯ ಹತ್ತಿರ ಬಗ್ಗಿ, ಬೀದಿಗೂ ಕೇಳುವಷ್ಟು ಜೋರಾಗಿ ಹೇಳತೊಡಗಿದಳು.